ಒಂದು ಲ್ಯಾಪ್‌ಟಾಪು, ಆರು ಹೆಸರು

ಕ್ರೋಮ್ ಬ್ರೌಸರಿನ ಬಲಗಡೆ ಮೇಲಿನ ಮೂಲೆಯಲ್ಲಿ ಪುಟ್ಟ ದುಂಡನೆ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿದರೆ ನಮ್ಮ ಮನೆಯ ರೇಷನ್ ಕಾರ್ಡೇ ತೆರೆದುಕೊಳ್ಳುತ್ತದೆ. ನಾನು, ನನ್ನ ಆಫೀಸು, ನನ್ನ ಹಳೇ ಆಫೀಸು, ನನ್ನವಳು, ಮಗಳ ಸ್ಕೂಲು, ಊರಿಂದ ಬಂದಾಗ ಅಪ್ಪ. ಇವಕ್ಕೆ ಪ್ರೊಫೈಲು ಅಂತಾರೆ. ಆರು ಹೆಸರು, ಅದರಲ್ಲಿ ಮೂವರು ನಾನೇ!

ಒಬ್ಬೊಬ್ಬರ ಬುಕ್‌ಮಾರ್ಕು, ಹಿಸ್ಟರಿ, ಪಾಸ್‌ವರ್ಡು, ಕುಕೀ ಎಲ್ಲ ಬೇರೆ ಬೇರೆ. ಅಕ್ಷರದ ಗಾತ್ರ ಕೂಡ. ಅಪ್ಪನದನ್ನು 150 ಪರ್ಸೆಂಟಿಗೆ ಹಿಗ್ಗಿಸಿಟ್ಟಿದ್ದೇನೆ. ಅಲ್ಲಿರುವ ಬುಕ್‌ಮಾರ್ಕು ಎರಡೇ: ಪೆನ್ಶನ್ನಿನ ಜೀವನ್ ಪ್ರಮಾಣ್, ಅಡಿಕೆ ಧಾರಣೆ. ಮೊದಲನೆಯದು ನವೆಂಬರಿನಲ್ಲಿ ಮಾತ್ರ ಬೇಕು, ಎರಡನೆಯದು ಕಾಫಿ ಕುಡಿಯೋ ಮೊದಲೇ ಬೇಕು.

ಆಫೀಸಿಗೆ ಬೂದಿ ಬಣ್ಣ, ಮನೆಗೆ ಹಳದಿ ಅಂತ ಥೀಮ್ ಕೊಟ್ಟರೂ ಒಂದು ತಾಪತ್ರಯ ಮಾತ್ರ ತಪ್ಪಿಲ್ಲ. ಬೇರೆ ಆ್ಯಪಿನಲ್ಲಿ ಬಂದ ಲಿಂಕ್ ಒತ್ತಿದರೆ, ಕೊನೆಗೆ ಯಾರ ವಿಂಡೋದಲ್ಲಿದ್ದೆವೋ ಅಲ್ಲೇ ಹೋಗಿ ತೆರೆಯುತ್ತದೆ. ಅಡಿಕೆ ರೇಟು ನೋಡಿದ ಮೇಲೆ ಆಫೀಸಿನ ಶೀಟು ಒತ್ತಿದರೆ 'ನಿಮಗೆ ಅನುಮತಿ ಇಲ್ಲ' ಅನ್ನುತ್ತದೆ. ಅಪ್ಪನಿಗೆ ಅನುಮತಿ ಯಾಕಿರುತ್ತೆ, ಅಲ್ವಾ? ಮೀಟಿಂಗಿನ ಲಿಂಕಾದರೆ ಕೇಳಲೇಬೇಡಿ. ಅಪ್ಪನ ಫೋಟೋ, ಅಪ್ಪನ ಹೆಸರು 'ಒಳಗೆ ಬಿಡಿ' ಅಂತ ಬಾಗಿಲಲ್ಲಿ ನಿಂತಿರುತ್ತದೆ. ಒಳಗಿದ್ದವರು ಮೈಕು ಆಫ್ ಮಾಡಿ ನಗುತ್ತಾರೆ.

ಫೈರ್‌ಫಾಕ್ಸ್ ಬ್ರೌಸರಿನಲ್ಲೂ ಪ್ರೊಫೈಲು ಮೊದಲಿಂದ ಇತ್ತು. ಆದರೆ ಗೊತ್ತಿದ್ದವರಿಗೆ ಮಾತ್ರ ಸಿಗುವ ಹಾಗೆ ಅಟ್ಟದ ಮೇಲಿತ್ತು. 2025ರಲ್ಲಷ್ಟೇ ಕೆಳಗಿಳಿದು ಮೆನುವಿಗೆ ಬಂತು. ಎರಡು ಮೇಲ್ ಒಟ್ಟಿಗೆ ನೋಡಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಡ, ಅದರ ಕಂಟೇನರ್ ಅನ್ನೋ ಸೌಲಭ್ಯ ಸಾಕು. ಅದರಲ್ಲಿ ಟ್ಯಾಬುಗಳ ಲಾಗಿನ್ ಬೇರೆ, ಹಿಸ್ಟರಿ ಒಂದೇ.

ಬೇರೆ ಅಂದಮಾತ್ರಕ್ಕೆ ಗುಟ್ಟು ಅಂತಲ್ಲ. ಮುಂದೆ ಕೂತವರು ಯಾರ ಹೆಸರು ಬೇಕಾದರೂ ಒತ್ತಬಹುದು. ನನ್ನ ಆಫೀಸ್ ಪ್ರೊಫೈಲಿಗೆ ಮಗಳು ಪಿಜ್ಜಾ ಚಿತ್ರ ಹಾಕಿಟ್ಟಿದ್ದು ಹಾಗೇ. ಬೀಗ ಬೇಕಿದ್ದರೆ ಕಂಪ್ಯೂಟರಿನಲ್ಲೇ ಬೇರೆ ಯೂಸರ್ ಮಾಡಿ, ಪಾಸ್‌ವರ್ಡ್ ಇಡಬೇಕು. ಬಸ್ ಟಿಕೆಟ್ ಬುಕ್ ಮಾಡೋಕೆ ಬಂದ ಭಾವನಿಗೆ ಗೆಸ್ಟ್ ವಿಂಡೋ ಸಾಕು. ಮುಚ್ಚಿದರೆ ಅವರು ಓಡಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಇನ್ನು ಹಳೇ ಆಫೀಸು. ಅಲ್ಲಿನ ಮೇಲ್ ಯಾವತ್ತೋ ಬಂದ್ ಆಗಿದೆ, ಪ್ರೊಫೈಲು ಮಾತ್ರ ಸುಮ್ನೆ ಕೂತಿದೆ. ಅಳಿಸೋದು ಸುಲಭ; ಒಮ್ಮೆ ಕೇಳುತ್ತದೆ, ಹೂಂ ಅಂದರೆ ಈ ಕಂಪ್ಯೂಟರಿನಿಂದ ಎಲ್ಲ ಹೋಯಿತು. ಆದರೆ ಆಫೀಸಿನ ಹಿಂದಿದ್ದ ಮೆಸ್ಸಿನ ಮೆನು, ಯಾರೋ ಹೇಳಿದ ಮೊಣಕಾಲಿನ ಡಾಕ್ಟರ ವಿಳಾಸ ಎಲ್ಲ ಅದರ ಬುಕ್‌ಮಾರ್ಕಿನಲ್ಲಿವೆ. ಅದಷ್ಟನ್ನು ಫೈಲಾಗಿ ಇಳಿಸಿಕೊಂಡು, ಈ ಭಾನುವಾರ ಅಳಿಸೋಣ ಅಂತಿದ್ದೇನೆ.