ಓಡಿಹೋಗೋದಕ್ಕೂ ಒಂದು ಪ್ಯಾಕೇಜು

ಭಾನುವಾರದಿಂದ ಹೊಟ್ಟೆ ಉರಿಯುತ್ತಿದೆ. ಬೆಣ್ಣೆದೋಸೆ ತಿಂದಿದ್ದೆ ನಿಜ, ಆದರೆ ತಪ್ಪು ದೋಸೆಯದ್ದಲ್ಲ. ಅಕ್ಕನ ಮಗಳ ಲ್ಯಾಪ್‌ಟಾಪಿನದ್ದು.

ಹುಡುಗಿ ಬೆಂಗಳೂರಿನಿಂದ ಬಂದಿದ್ದಳು. ನಿಮಗೆಲ್ಲ ಗೊತ್ತಲ್ಲ, ಅವಳು ಬಂದರೆ ಚಾರ್ಜರು ನನ್ನ ಮಿಕ್ಸಿ ಪ್ಲಗ್ಗಿಗೆ, ಕಾಲು ನನ್ನ ಮಂಚದ ಮೇಲೆ. ದೋಸೆ ಪೊಟ್ಟಣ ಬಿಚ್ಚುತ್ತಾ ಹೇಳಿದಳು: "ಚಿಕ್ಕಮ್ಮ, ಡಿಸೆಂಬರಿಗೆ ರಜೆ ಹಾಕಿ. ನಾವು ಓಡಿಹೋಗ್ತಿದೀವಿ."

"ಯಾರ್ಯಾರು?"

"ಹದಿನಾಲ್ಕು ಜನ."

ಎಲೋಪ್‌ಮೆಂಟ್ ಅಂತೆ. ಜೈಸಲ್ಮೇರಿನ ಮರಳುಗಾಡಿನಲ್ಲಂತೆ. ಹುಡುಗ ತ್ರಿಶೂರಿನ ಕ್ರಿಶ್ಚಿಯನ್ನರವನು. ಒಳ್ಳೆಯವನು, ನಮ್ಮ ಮನೆಗೆ ಬಂದಾಗ ಮಂಡಕ್ಕಿ ಮೆಣಸಿನಕಾಯಿ ಎರಡು ಪ್ಲೇಟು ತಿಂದು ಕಣ್ಣಲ್ಲಿ ನೀರು ಹಾಕಿಕೊಂಡರೂ ಚೆನ್ನಾಗಿದೆ ಅಂದವನು. ಎರಡೂ ಮನೆಯವರು ಒಪ್ಪಿದ್ದಾರೆ. ಅಕ್ಕ ಮೊಳಕಾಲ್ಮೂರಿಗೆ ಹೋಗಿ ರೇಷ್ಮೆ ಸೀರೆ ತಂದಾಗಿದೆ. ಹುಡುಗನ ತಾಯಿ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ ಅಕ್ಕನಿಗೆ ಮಲಯಾಳಂ ಕಲಿಸುತ್ತಾರೆ. ಹಾಗಾದರೆ ಯಾರಿಂದ ಓಡಿಹೋಗ್ತಿದೀರವ್ವಾ ಅಂದೆ. "ಜನರಿಂದ" ಅಂದಳು. ಹದಿನಾಲ್ಕು ಜನರನ್ನು ಕಟ್ಟಿಕೊಂಡು ಜನರಿಂದ ಓಡಿಹೋಗೋದು!

ಆಮೇಲೆ ಲ್ಯಾಪ್‌ಟಾಪ್ ತೆರೆದಳು. ಎಕ್ಸೆಲ್ ಶೀಟು. ಟೆಂಟು, ಒಂಟೆ ಗಾಡಿ, ಜೋಧಪುರದಿಂದ ಹೂವು, ಹುಡುಗಿಗೆ ಎರಡು ಜೊತೆ ಚಪ್ಪಲಿ, ಅದರಲ್ಲಿ ಒಂದು ಮರಳಿಗೆ ಅಂತಲೇ. ಕೆಳಗೆ ಹೋದರೆ ಮದುವೆ ದಿನದ ವೇಳಾಪಟ್ಟಿ. ಅದರಲ್ಲಿ ಒಂದು ಸಾಲು: "ಸಂಜೆ 5.40, ಓಡುವುದು, ಡ್ರೋನ್." ಅದರ ಕೆಳಗೆ: "5.50, ಇನ್ನೊಮ್ಮೆ ಓಡುವುದು, ಬೆಳಕಿದ್ದರೆ."

ಮೂರು ಸಲ ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ಖರ್ಚು ಒಟ್ಟು 9 ಲಕ್ಷದ 10 ಸಾವಿರ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತವಳಿಗೆ ಭಾಗಾಕಾರ ತಾನಾಗೇ ಆಗುತ್ತದೆ. ತಲೆಗೆ 65 ಸಾವಿರ. "ಸಿಂಪಲ್ ಮದುವೆ ಚಿಕ್ಕಮ್ಮ" ಅನ್ನುತ್ತಾಳೆ. ಹೌದವ್ವ, ಬಹಳ ಸಿಂಪಲ್ಲು.

ಸಂಜೆ ಬ್ಲೌಸ್ ಪೀಸ್ ತರಲು ನಮ್ಮ ಮಾಮೂಲಿ ಬಟ್ಟೆ ಅಂಗಡಿಗೆ ಹೋಗಿದ್ದೆ. ಯಜಮಾನರು ಬಾಡಮೇರ್ ಕಡೆಯವರು, ಅಪ್ಪನ ಕಾಲಕ್ಕೇ ದಾವಣಗೆರೆಗೆ ಬಂದು ನೆಲೆ ನಿಂತವರು. ನನಗಿಂತ ಚೆನ್ನಾಗಿ ನಮ್ಮ ಕನ್ನಡ ಮಾತಾಡುತ್ತಾರೆ. ವಿಷಯ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು. "ಅಲ್ಲೇನೈತಮ್ಮಾ? ನಾವೇ ಬಿಟ್ಟು ಬಂದೀವಿ. ಸಂಜೆ ಗಾಳಿ ಎದ್ದರೆ ಊಟದಾಗೆಲ್ಲ ಮರಳು. ಡಿಸೆಂಬರ್ ರಾತ್ರಿ ಥಂಡಿಗೆ ಹಲ್ಲು ಕಟಕಟ ಅಂತಾವೆ. ಮಂಕಿ ಟೋಪಿ ತಗೊಂಡು ಹೋಗಾಕೆ ಹೇಳ್ರಿ." ಮದುಮಗಳು ಮಂಕಿ ಟೋಪಿಯಲ್ಲಿ ಓಡುವ ದೃಶ್ಯ ನೆನೆದು ಸ್ವಲ್ಪ ಸಮಾಧಾನ ಆಯಿತು. ಸುಳ್ಳು ಯಾಕೆ ಹೇಳಲಿ.

ಜಾಗ ಸಮ್ ಅನ್ನೋ ಕಡೆ. ಜೈಸಲ್ಮೇರ್ ಊರಿನಿಂದ ಸುಮಾರು 40 ಕಿಲೋಮೀಟರ್. ಮೊದಲು ಜೋಧಪುರ, ಅಲ್ಲಿಂದ ಕಾರಿನಲ್ಲಿ ಐದು ತಾಸು. ಅಕ್ಕನ ಮಂಡಿಗೆ ಯಾವ ಕಾಲಂ ಇದೆ ಅಂತ ಶೀಟಿನಲ್ಲಿ ಹುಡುಕಿದೆ, ಇರಲಿಲ್ಲ. ಸಮ್ ಪಕ್ಕದಲ್ಲೇ ಡೆಸರ್ಟ್ ನ್ಯಾಷನಲ್ ಪಾರ್ಕ್. ನಮ್ಮ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಇರುವ ಎರೆಭೂತ ಹಕ್ಕಿ ಉಳಿದಿರೋ ದೊಡ್ಡ ನೆಲೆ ಅದು. ಆ ಕಡೆ ನಿಜವಾಗಿ ಓಡಿಹೋಗಬೇಕಾಗಿರೋದು ಪಾಪ ಆ ಹಕ್ಕಿ, ನಿಮ್ಮ ಡ್ರೋನ್ ನೋಡಿ. ಸಾಲದ್ದಕ್ಕೆ ಅದು ಪಾಕಿಸ್ತಾನದ ಗಡಿ ಜಿಲ್ಲೆ. ಡ್ರೋನ್ ಹಾರಿಸಬೇಕಾದರೆ ಅನುಮತಿ ತಗೋಬೇಕು. ಓಡಿಹೋಗಲು ಸರ್ಕಾರಕ್ಕೆ ಅರ್ಜಿ!

ನಾವು ಒಣನೆಲದ ಜನ. 2022ರಲ್ಲಿ ಮಾರಿಕಣಿವೆ ಡ್ಯಾಮು 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ಹೋಗಿ ನೀರು ನೋಡಿ ಕೈಮುಗಿದು ಬಂದವರು. ನಮ್ಮಜ್ಜಿ ಚಳ್ಳಕೆರೆ ಕಡೆಯವಳು. ಮಳೆ ಬಾರದ ಬಯಲಿಗೆ ದುಡ್ಡು ಕೊಟ್ಟು ಹೋಗುತ್ತಾರೆ ಅಂತ ಅವಳಿಗೆ ಯಾರಾದರೂ ಹೇಳಿದ್ದರೆ ದೃಷ್ಟಿ ತೆಗೆದು ಮಲಗಿಸುತ್ತಿದ್ದಳು.

ಇರಲಿ. ಮರಳು ಅವರ ಇಷ್ಟ, ದುಡ್ಡು ಅವರದ್ದು. ನನ್ನ ಸಿಟ್ಟು ಆ ಮಾತಿನ ಮೇಲೆ. ಓಡಿಹೋಗೋದು. ಆ ಮಾತನ್ನ ಯಾಕೆ ಮುಟ್ಟುತ್ತೀರಿ? ಬೇರೆ ಹೆಸರೇ ಸಿಗಲಿಲ್ಲವಾ? ಪ್ರವಾಸ ಅನ್ನಿ, ಪಿಕ್ನಿಕ್ ಅನ್ನಿ, ಒಂಟೆ ಮದುವೆ ಅನ್ನಿ.

"ಅಮೆರಿಕದಲ್ಲೂ ಹಾಗೇ ಅಂತಾರೆ ಚಿಕ್ಕಮ್ಮ, ಅಲ್ಲೂ ಮರುಭೂಮಿಗೇ ಹೋಗ್ತಾರೆ" ಅಂದಳು. ರಾತ್ರಿ ಕೂತು ಅದನ್ನೂ ಓದಿದೆ. ಅಲ್ಲಿ ಮರುಭೂಮಿಗೂ ಓಡಿಹೋದವರಿಗೂ ನಂಟಿರೋದು ನಿಜವೇ. ಲಾಸ್ ವೇಗಾಸ್ ಇರೋದು ಮರುಭೂಮಿಯಲ್ಲಿ. ನೆವಾಡ ರಾಜ್ಯದಲ್ಲಿ ಮದುವೆ ಲೈಸೆನ್ಸಿಗೆ ಕಾಯುವ ದಿನಗಳೇ ಇಲ್ಲ. ಲೈಸೆನ್ಸ್ ಕೊಡುವ ಆಫೀಸು ರಾತ್ರಿ ಹನ್ನೆರಡರವರೆಗೆ ತೆರೆದಿರುತ್ತದೆ, ಹಬ್ಬಕ್ಕೂ ಬಾಗಿಲು ಹಾಕೋದಿಲ್ಲ. ಅಪ್ಪ ಅಮ್ಮ ಹುಡುಕಿಕೊಂಡು ಬರೋದರೊಳಗೆ ಸಹಿ ಬಿದ್ದಿರುತ್ತದೆ. ಮರಳು ಚೆಂದ ಅಂತ ಜನ ಅಲ್ಲಿಗೆ ಓಡಲಿಲ್ಲ, ಬೇಗ ಆಗುತ್ತದೆ ಅಂತ ಓಡಿದರು. ಫೋಟೊ ತೆಗೆಯೋ ಚಟ ಆಮೇಲೆ ಬಂತು.

ನಮ್ಮಲ್ಲಿ? ಮತ ಬದಲಿಸದೆ, ಚರ್ಚೂ ಬೇಡ ಪುರೋಹಿತರೂ ಬೇಡ ಅಂದರೆ ಇರೋದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯಲ್ಲೇ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಆಫೀಸಿನಲ್ಲಿ ನಾಲ್ಕು ಜನಕ್ಕೆ ಕಾಣುವ ಹಾಗೆ ಅಂಟಿಸುತ್ತಾರೆ. ಯಾರಾದರೂ ತಕರಾರು ಹಾಕುತ್ತಾರಾ ಅಂತ 30 ದಿನ ಕಾಯಬೇಕು. ಆಮೇಲೆ ಮೂರು ಜನ ಸಾಕ್ಷಿ, ಸಹಿ. ಅಂದರೆ ನಮ್ಮ ಹುಡುಗಿಯ ಮದುವೆ ಆಗೋದು ಬೆಂಗಳೂರಿನ ಒಂದು ರಿಜಿಸ್ಟ್ರಾರ್ ಆಫೀಸಿನಲ್ಲಿ, ಫ್ಯಾನಿನ ಕೆಳಗೆ. ಸಮ್‌ನಲ್ಲಿ ನಡೆಯೋದು ಶೂಟಿಂಗು.

ಅವಳಿಗೆ ಆ 30 ದಿನ ಕ್ಯಾಲೆಂಡರಿನಲ್ಲಿ ಒಂದು ಬಣ್ಣ ಅಷ್ಟೇ. ನಿಜವಾಗಿ ಓಡಿದವರಿಗೆ ಆ ನೋಟಿಸ್ ಬೋರ್ಡು ಏನು ಅಂತ ಯಾರಾದರೂ ಕೇಳಿದ್ದೀರಾ? ಊರಿನವರೊಬ್ಬರು ಪಹಣಿಗೋ ಪತ್ರಕ್ಕೋ ಬಂದು ಹೆಸರು ಓದಿದರೆ ಸಾಕು, ಸಂಜೆಯೊಳಗೆ ಮನೆ ಮುಂದೆ ಜೀಪು. ಇಂಥ ಜೋಡಿಗಳಿಗೆ ಸುರಕ್ಷಿತ ಮನೆ ಕೊಡುವ ಏರ್ಪಾಡು ಮಾಡಿ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಸುಮ್ನೆ ಹೇಳಿತಾ? ಮನೆಯವರೇ ಕೊಲ್ಲುತ್ತಾರೆ ಅಂತ ಹೇಳಿತು. ಅಂಥ ಮಾತನ್ನು ಹಿಡಿದುಕೊಂಡು 5.40ಕ್ಕೆ ಒಮ್ಮೆ, 5.50ಕ್ಕೆ ಒಮ್ಮೆ!

ಈಗ ನೀವು ಹೇಳೋದು ಗೊತ್ತು. ಹುಡುಗಿಯೂ ಅದನ್ನೇ ಹೇಳಿದಳು. "ನಿಮ್ಮ ದಾವಣಗೆರೆ ಮದುವೆ ಚೆಂದಾನಾ? ಎರಡು ಸಾವಿರ ಜನ, ಅರ್ಧ ಜನ ಯಾರು ಅಂತ ಗೊತ್ತಿಲ್ಲ. ನಾಲ್ಕು ತಾಸು ಸ್ಟೇಜ್ ಮೇಲೆ ನಿಂತು ಹಲ್ಲು ಬಿಡಬೇಕು. ಕೊನೆಗೆ ಮುಯ್ಯಿ ಪುಸ್ತಕ ಇಟ್ಟುಕೊಂಡು ಯಾರು ನೂರ ಒಂದು ಹಾಕಿದರು ಅಂತ ಜಗಳ." ಒಪ್ಪಿದೆ. ಮಗಳ ಮದುವೆಗೆ ಸೈಟು ಅಡ ಇಟ್ಟವರ ಫೈಲು ನನ್ನ ಟೇಬಲ್ ಮೇಲೇ ಹಾದುಹೋಗಿವೆ. ಆದರೆ ಅದಕ್ಕೆ ಮದ್ದು ಒಂಟೆಯಾ? ಸಣ್ಣ ಮದುವೆ ಬೇಕಾ, ಮಾಡಿಕೊಳ್ಳಿ. ಕುವೆಂಪು ಮಂತ್ರ ಮಾಂಗಲ್ಯ ಅಂತ ದಾರಿ ಮಾಡಿಕೊಟ್ಟು ಎಷ್ಟು ಕಾಲ ಆಯಿತು? ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ, ನಾಲ್ಕು ಜನರ ಮುಂದೆ ಪ್ರಮಾಣ ಓದೋದು, ಮುಗೀತು. ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ಇಲ್ಲೇ ದುರ್ಗದ ಮುರುಘಾ ಮಠದಲ್ಲಿ ತಿಂಗಳ ಐದನೇ ತಾರೀಕು ಸಾಮೂಹಿಕ ಮದುವೆ ಆಗುತ್ತಿದ್ದದ್ದು ನಾವೆಲ್ಲ ನೋಡಿದ್ದೇವೆ, ಜಾತಿ ಬಿಟ್ಟು ಮದುವೆ ಆದವರೂ ಅದೇ ಸಾಲಿನಲ್ಲಿ ಕೂತಿರುತ್ತಿದ್ದರು. ಯಾರೂ ಅದಕ್ಕೆ ಓಡಿಹೋಗೋದು ಅನ್ನಲಿಲ್ಲ. ಮಂತ್ರ ಮಾಂಗಲ್ಯ ಅಂದರೆ ನಮ್ಮ ಹುಡುಗಿ "ಅದಕ್ಕೆ ವೆನ್ಯೂ ಎಲ್ಲಿ?" ಅಂದಳು. ಬಿಡಿ.

ನನಗೆ ಯಾಕಿಷ್ಟು ಉರಿ ಅಂತ ಹಳೇ ಗೆಳತಿಯರಿಗೆ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಡೋದೇನು.

1993. ನಾನು ಓಡಿದ್ದೆ. ದುರ್ಗದ ಬಸ್ ಸ್ಟ್ಯಾಂಡಿನಿಂದ ಬೆಳಗಿನ ಜಾವದ ಕೆಂಪು ಬಸ್ಸು. ಮನೆಯಿಂದ ಬರುವ ಗಡಿಬಿಡಿಯಲ್ಲಿ ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಸೀರೆ ಸೆರಗಿನ ಪಿನ್ನು ತೆಗೆದು ಅದಕ್ಕೆ ಚುಚ್ಚಿದ್ದೆ. ಸೆರಗನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಇವರು ಮಿಲ್ಲು ಮುಚ್ಚಿ ಕೆಲಸ ಕಳೆದುಕೊಂಡವರ ಮಗ, ಜಾತಿ ಬೇರೆ. ಹಿಂದೆ ಬರುವ ಒಂದೊಂದು ಜೀಪೂ ಅಪ್ಪನದೇ ಅನ್ನಿಸುತ್ತಿತ್ತು. ಅಪ್ಪನ ಹತ್ತಿರ ಇದ್ದದ್ದು ಒಂದು ಸೈಕಲ್ಲು. ಭರಮಸಾಗರ ದಾಟುವವರೆಗೂ ನನಗೆ ಅದು ಹೊಳೆಯಲೇ ಇಲ್ಲ.

ಹರಿಹರದಲ್ಲಿ ಹರಿಹರೇಶ್ವರನ ಗುಡಿಯಲ್ಲಿ ತಾಳಿ. ಅರ್ಧ ಹರಿ, ಅರ್ಧ ಹರ, ಎರಡು ಜಾತಿ ಕೂಡೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ ಅನ್ನೋದು ಇವರ ಲೆಕ್ಕ. ಆಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ, ಆಗಿದ್ದು 1997ರಲ್ಲಿ. ಹರಿಹರವೂ ದಾವಣಗೆರೆಯೂ ಚಿತ್ರದುರ್ಗಕ್ಕೇ ಸೇರಿದ್ದವು. ಅಷ್ಟು ಧೈರ್ಯ ಮಾಡಿ ಓಡಿದವಳು ಜಿಲ್ಲೆ ಕೂಡ ದಾಟಿರಲಿಲ್ಲ. ಇವರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಅಪ್ಪ ಆರು ವರ್ಷ ಮಾತಾಡಲಿಲ್ಲ. ಅಮ್ಮ ಯುಗಾದಿಗೆ ಹೋಳಿಗೆ ಮಾಡಿ, ಸ್ಟೀಲ್ ಡಬ್ಬಿಗೆ ಹಾಕಿ, ಗುರುತಿನ ಕಂಡಕ್ಟರ್ ಕೈಲಿ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಡಬ್ಬಿ ಮೇಲೆ ಹೆಸರು ಬರೆಯುತ್ತಿರಲಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು ಇಸಕೊಂಡು, ಖಾಲಿ ಡಬ್ಬಿಯನ್ನು ವಾರ ಬಿಟ್ಟು ಅದೇ ಬಸ್ಸಿಗೆ ಕೊಡುತ್ತಿದ್ದೆ. ಶೀಟಿನಲ್ಲಿ ಇದಕ್ಕೆ ಯಾವ ಕಾಲಂ ಹಾಕ್ತೀಯವ್ವಾ?

ಇದನ್ನೆಲ್ಲ ಭಾನುವಾರ ಹುಡುಗಿಗೆ ಜೋರು ದನಿಯಲ್ಲಿ ಹೇಳುತ್ತಿದ್ದೆ. ಅಕ್ಕ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಓಡಿದ್ದು ನೀನು. ಬಿಲ್ಲು ಬಂದಿದ್ದು ನಂಗೆ."

ನಾನು ಓಡಿದಾಗ ಅಕ್ಕನಿಗೆ ಸಂಬಂಧ ಕೂಡಿತ್ತು. ಎಲೆ ಅಡಿಕೆ ಶಾಸ್ತ್ರವೂ ಆಗಿತ್ತು. ನನ್ನ ಸುದ್ದಿ ತಲುಪಿದ ವಾರಕ್ಕೇ ಅವರು ಬೇಡ ಅಂದರು. ಆಮೇಲೆ ಮೂರು ವರ್ಷ ಬಂದವರೆಲ್ಲ ಉಪ್ಪಿಟ್ಟು ತಿಂದು, ತಂಗಿ ವಿಷಯ ಕೇಳಿ, ಎದ್ದು ಹೋದರು. ಅಕ್ಕ ಇಷ್ಟು ವರ್ಷದಲ್ಲಿ ಒಂದು ಮಾತು ಆಡಿರಲಿಲ್ಲ. ಈಗಲೂ ಸಿಟ್ಟಿನಿಂದ ಆಡಲಿಲ್ಲ. ಅವರೆಕಾಯಿ ಸಿಪ್ಪೆ ಮೊರಕ್ಕೆ ಹಾಕುತ್ತಾ, ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದಳು. "ಇವಳು ಹದಿನಾಲ್ಕು ಜನಕ್ಕೆ ಹೇಳಿ ಓಡ್ತಾಳೆ. ಓಡ್ಲಿ ಬಿಡು. ನಂಗೂ ಒಂದು ಟೆಂಟ್ ಹಾಕ್ಸ್ಯಾಳೆ."

ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಟೀ ಇಟ್ಟೆ. ಸಕ್ಕರೆ ಎರಡು ಸಲ ಹಾಕಿದ್ದೆ, ಯಾರೂ ಹೇಳಲಿಲ್ಲ.

ಅಷ್ಟಾದರೂ ಆ ಮಾತಿನ ಬಗ್ಗೆ ನನ್ನ ಸಿಟ್ಟು ಹೋಗಿಲ್ಲ, ಹೋಗೋದೂ ಇಲ್ಲ. ಸಾಕ್ಷಿ ಸಹಿಗೆ ಬೆಂಗಳೂರಿಗೆ ಹೋಗುತ್ತೇನೆ. ಆ ಮೂವರಲ್ಲಿ ಒಬ್ಬಳು ನಾನೇ, ನನ್ನ ಕೇಳದೆ ಶೀಟಿನಲ್ಲಿ ಹಾಕಿದ್ದಾಳೆ. ಜೈಸಲ್ಮೇರಿಗೂ ಹೋಗುತ್ತೇನೆ, ಅಕ್ಕನ ಮಂಡಿ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. 5.40ಕ್ಕೆ ಮಾತ್ರ ಟೆಂಟಿನ ಒಳಗೆ ಇರುತ್ತೇನೆ.

ರಾತ್ರಿ ಬಸ್ಸಿಗೆ ಬಿಡಲು ಹೋದಾಗ ಹುಡುಗಿ ಮೆಲ್ಲಗೆ ಕೇಳಿದಳು, "ಚಿಕ್ಕಮ್ಮ, ನಿಮ್ಮ ಮದುವೆ ಫೋಟೊ ಇದ್ರೆ ಕೊಡಿ. ಟೆಂಟಿನ ಬಾಗಿಲಲ್ಲಿ ಫ್ರೇಮ್ ಹಾಕಿಸಿ ಇಡ್ತೀನಿ, ಥೀಮಿಗೆ ಕರೆಕ್ಟಾಗುತ್ತೆ."

ಇಲ್ಲ ಅಂದೆ. ಇದೆ. ಹರಿಹರದ ಸ್ಟುಡಿಯೊದಲ್ಲಿ ತೆಗೆಸಿದ್ದು ಒಂದೇ ಒಂದು. ಇಬ್ಬರೂ ಪೊಲೀಸರ ಮುಂದೆ ನಿಂತ ಹಾಗೆ ನಿಂತಿದ್ದೇವೆ, ನನ್ನ ಒಂದು ಕೈ ಸೆರಗಿನ ಮೇಲೆ, ಪಿನ್ನು ಚಪ್ಪಲಿಯಲ್ಲಿ ಇತ್ತಲ್ಲ. ಬೀರುವಿನಲ್ಲಿದೆ. ಕೊಡೋದಿಲ್ಲ.