ವಿಶ್ವಕಪ್ ಚಿತ್ರಾನ್ನ

ರಾತ್ರಿ ಅನ್ನ ಮಿಕ್ಕರೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಚಿತ್ರಾನ್ನ. ಸಾಸಿವೆ ಸಿಡಿಸಿ, ಕಡ್ಲೆಬೇಳೆ, ಕರಿಬೇವು, ಚಿಟಿಕೆ ಅರಿಶಿನ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿದರೆ ಮುಗೀತು. ನಿನ್ನೆಯ ಅನ್ನ ಅಂತ ಎಲ್ಲರಿಗೂ ಗೊತ್ತು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆದರೆ ಅದನ್ನೇ ಡಬ್ಬಿಗೆ ತುಂಬಿ, ಮೇಲೆ ಫುಟ್‌ಬಾಲ್ ವಿಶ್ವಕಪ್ ಚಿತ್ರ ಅಂಟಿಸಿ, ಹೊಸ ಅಡುಗೆ ಅಂತ ಪೂರ್ತಿ ರೇಟಿಗೆ ಮಾರಿದರೆ? ಅದಕ್ಕೆ ಅಧಿಕೃತ ವಿಡಿಯೋ ಗೇಮ್ ಅಂತ ಹೆಸರು.

ಸುಮ್ನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ. 1986ಕ್ಕೆ ಹೋಗಿ ನೋಡಿ. ಮೆಕ್ಸಿಕೋದಲ್ಲಿ ವಿಶ್ವಕಪ್. ಮರಡೋನಾ ಕೈಯಲ್ಲಿ ಗೋಲು ಹಾಕಿ ದೇವರ ಲೆಕ್ಕಕ್ಕೆ ಬರೆದ ವರ್ಷ. ಆ ಕಪ್‌ನ ಅಧಿಕೃತ ಗೇಮ್ ಮಾಡುವ ಹಕ್ಕು ಯು.ಎಸ್. ಗೋಲ್ಡ್ ಅನ್ನುವ ಕಂಪನಿಗೆ ಸಿಕ್ಕಿತ್ತು. ಹೆಸರಿನಲ್ಲಿ ಅಮೆರಿಕ ಇದ್ದರೂ ಕಂಪನಿ ಇದ್ದದ್ದು ಇಂಗ್ಲೆಂಡಿನಲ್ಲಿ. ಇರಲಿ, ಮೈಸೂರು ಬೋಂಡಾ ಮೈಸೂರಿನದೇ ಆಗಬೇಕು ಅಂತ ಯಾರು ಹೇಳಿದರು?

ಹಕ್ಕು ಬಂತು, ಕಪ್ ಹತ್ತಿರ ಬಂತು, ಗೇಮ್ ಮಾತ್ರ ಬರಲಿಲ್ಲ. ನೆಂಟರು ಬಾಗಿಲಲ್ಲಿ ನಿಂತಿದ್ದಾರೆ, ಒಲೆ ಮೇಲೆ ಏನೂ ಇಲ್ಲ. ಆಗ ಆರ್ಟಿಕ್ ಅನ್ನುವ ಇನ್ನೊಂದು ಕಂಪನಿ 1984ರಲ್ಲೇ ಮಾರಿದ್ದ ಫುಟ್‌ಬಾಲ್ ಗೇಮ್ ಒಂದನ್ನು ತಂದರು. ಅಲ್ಲಿ ಇಲ್ಲಿ ಸ್ವಲ್ಪ ಒರೆಸಿದರು. ದೊಡ್ಡ ಡಬ್ಬಿ ಮಾಡಿಸಿ, ಒಳಗೆ ಗೋಡೆಗೆ ಅಂಟಿಸುವ ಚಾರ್ಟು, ಅದು ಇದು ತುಂಬಿ, ‘ವರ್ಲ್ಡ್ ಕಪ್ ಕಾರ್ನಿವಲ್’ ಅಂತ ಹೆಸರಿಟ್ಟರು. ಹುಡುಗರು ಕ್ಯಾಸೆಟ್ ಹಾಕಿ, ಅದರ ಕಿರ್ರೋ ಸದ್ದನ್ನೆಲ್ಲ ಸಹಿಸಿಕೊಂಡು ಕಾದು ಕೂತರೆ ಪರದೆ ಮೇಲೆ ಬಂದದ್ದು ಎರಡು ವರ್ಷದ ಹಳೇ ಮೈದಾನ. ಗೇಮ್ ಪತ್ರಿಕೆಗಳು ಉಗಿದು ಉಪ್ಪಿನಕಾಯಿ ಹಾಕಿದವು. ಡಬ್ಬಿಯಲ್ಲಿ ಹೊಸದಾಗಿದ್ದದ್ದು ಆ ಚಾರ್ಟು ಒಂದೇ.

ಈ ಅಡುಗೆಯ ಗುಟ್ಟು ಆಮೇಲೆ ಎಲ್ಲರಿಗೂ ಗೊತ್ತಾಯಿತು. 1993ರಲ್ಲಿ ಇಎ ಅನ್ನುವ ಅಮೆರಿಕದ ಗೇಮ್ ಕಂಪನಿ, ವಿಶ್ವಕಪ್ ನಡೆಸುವ ಸಂಸ್ಥೆ ಫಿಫಾದ ಹೆಸರಿಟ್ಟು ಮೊದಲ ಗೇಮ್ ಬಿಟ್ಟಿತು. ಅದರಲ್ಲಿ ದೇಶಗಳ ತಂಡ ಇತ್ತು, ಆಟಗಾರರೂ ಇದ್ದರು, ಆದರೆ ಅವರ ಹೆಸರುಗಳೆಲ್ಲ ಕಟ್ಟಿದ್ದು. ಅಂಥವರು ಭೂಮಿಯ ಮೇಲೆ ಎಲ್ಲೂ ಆಡಿರಲಿಲ್ಲ. ಯಾಕೆ ಅಂದರೆ ಫಿಫಾದ ಹೆಸರು ಕೊಂಡರೆ ಫಿಫಾದ ಹೆಸರು ಮಾತ್ರ ಬರುತ್ತದೆ. ಆಟಗಾರನ ಹೆಸರಿಗೆ ಬೇರೆ ದುಡ್ಡು, ಕ್ಲಬ್ಬಿಗೆ ಬೇರೆ, ಲೀಗಿಗೆ ಬೇರೆ. ಊಟದ ಬಿಲ್ಲಿನಲ್ಲಿ ಬಾಳೆಎಲೆಗೆ ಒಂದು ರೇಟು, ಅನ್ನಕ್ಕೆ ಇನ್ನೊಂದು ರೇಟು ಹಾಕಿದ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1998ರಿಂದ ಇಎ ವಿಶ್ವಕಪ್‌ಗೆ ಅಂತಲೇ ಬೇರೆ ಗೇಮ್ ತರತೊಡಗಿತು. 98, 2002, 2006, 2010, 2014. ಪ್ರತಿ ವರ್ಷದ ಮಾಮೂಲಿ ಗೇಮ್ ದಸರಾ ಹೊತ್ತಿಗೆ ಬರುತ್ತಿತ್ತು. ವಿಶ್ವಕಪ್ ಇರುವ ವರ್ಷ ಯುಗಾದಿ ಆಸುಪಾಸಿನಲ್ಲಿ ಇನ್ನೊಂದು. ಒಂದಷ್ಟು ಹೊಸ ಸ್ಟೇಡಿಯಂ, ಬಣ್ಣದ ಕಾಗದ ತೂರುವ ಅಭಿಮಾನಿಗಳು, ಕೊನೆಗೆ ಚಿನ್ನದ ಕಪ್. ಒಗ್ಗರಣೆ ಘಮ್ ಅನ್ನುತ್ತಿತ್ತು, ಅದು ಸುಳ್ಳಲ್ಲ.

2014ರದ್ದಂತೂ ತಮಾಷೆ. 2013ರ ನವೆಂಬರ್‌ನಲ್ಲೇ ಪ್ಲೇಸ್ಟೇಷನ್ 4 ಅನ್ನುವ ಹೊಸ ಗೇಮ್ ಯಂತ್ರ ಬಂದಿತ್ತು. ಮಾರನೇ ಏಪ್ರಿಲ್‌ನಲ್ಲಿ ಬಂದ ವಿಶ್ವಕಪ್ ಗೇಮ್ ಮಾತ್ರ ಹಳೇ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಮಾತ್ರ. ಹೊಸ ಮನೆಗೆ ಹೋದವರಿಗೆ ಹಳೇ ಮನೆ ವಿಳಾಸಕ್ಕೆ ಲಗ್ನಪತ್ರಿಕೆ ಕಳಿಸಿದ ಹಾಗೆ.

ಆದರೂ ಅದರದೊಂದು ಋಣ ನನ್ನ ಮೇಲಿದೆ. ಅದರಲ್ಲಿ 203 ದೇಶಗಳಿದ್ದವು. ಅರ್ಹತಾ ಸುತ್ತಿನಲ್ಲಿ ಆಡಿದವರೆಲ್ಲರಿಗೂ ಜಾಗ. ಅಂದರೆ ಭಾರತಕ್ಕೂ. ನಿಜವಾದ ಭಾರತ 2011ರ ಜುಲೈನಲ್ಲೇ ಯುಎಇ ಕೈಲಿ ಎರಡು ಪಂದ್ಯ ಸೇರಿ 5-2ರಲ್ಲಿ ಸೋತು ಮನೆಗೆ ಬಂದಿತ್ತು. ಕಪ್ ಶುರುವಾಗೋಕೆ ಇನ್ನೂ ಮೂರು ವರ್ಷ ಇತ್ತು! ನಮ್ಮ ತಮ್ಮ ಮಾತ್ರ ಬಿಡಲಿಲ್ಲ. ಸೋಫಾ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ‘ಸುಲಭ’ ಅಂತ ಆರಿಸಿಕೊಂಡು, ಒಂದು ಭಾನುವಾರ ಮಧ್ಯಾಹ್ನ ಭಾರತವನ್ನು ಬ್ರೆಜಿಲ್‌ನ ಮರಕಾನಾ ಸ್ಟೇಡಿಯಂನ ಫೈನಲ್‌ಗೆ ಕರೆದುಕೊಂಡು ಹೋದ. ಜರ್ಮನಿಗೆ ಎರಡು ಗೋಲು ಹಾಕಿದ. ನಮ್ಮ ನಾಯಕ ಕಪ್ ಎತ್ತುವ ಹೊತ್ತಿಗೆ ಸರಿಯಾಗಿ ಅಮ್ಮ ಬಂದರು. “ಅದನ್ನ ಆಫ್ ಮಾಡಿ ಟೀವಿ ಹಾಕೋ, ಮಧ್ಯಾಹ್ನದ ಎಪಿಸೋಡು ಶುರುವಾಗಿರುತ್ತೆ.” ಭಾರತದ ಏಕೈಕ ವಿಶ್ವಕಪ್ ಗೆಲುವು ಅಷ್ಟಕ್ಕೇ ಮುಗಿಯಿತು.

ಕಪ್ ಮುಗಿದ ಮೇಲೆ ಆ ಡಿಸ್ಕನ್ನು ಹಳೇ ಸಿಡಿ ಕೊಳ್ಳುವ ಅಂಗಡಿಗೆ ಒಯ್ದೆ. ಅಂಗಡಿಯವನು ತಿರುಗಿಸಿ ನೋಡಿದ. ಗೀರು ಇಲ್ಲ, ಡಬ್ಬಿ ಸರಿಯಾಗಿದೆ. “ಸಾರ್, ಇದು ಹಬ್ಬ ಮುಗಿದ ಮೇಲಿನ ಕ್ಯಾಲೆಂಡರ್ರು” ಅಂತ ವಾಪಸ್ ಕೊಟ್ಟ. ಈಗ ಅಟ್ಟದ ಮೇಲಿದೆ.

2018ಕ್ಕೆ, 2022ಕ್ಕೆ ಬೇರೆ ಡಿಸ್ಕ್ ಬರಲಿಲ್ಲ. ಇದ್ದ ಗೇಮ್‌ಗೇ ವಿಶ್ವಕಪ್ಪನ್ನು ಬಿಟ್ಟಿ ಸೇರಿಸಿದರು. ಇಷ್ಟು ವರ್ಷ ಪೂರ್ತಿ ದುಡ್ಡು ಕೊಟ್ಟು ತಿಂದದ್ದು ಒಗ್ಗರಣೆ ಮಾತ್ರ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಆಮೇಲೆ ನಡೆದದ್ದು ನಿಜವಾದ ನಾಟಕ. 2022ರ ಮೇ ತಿಂಗಳಲ್ಲಿ ಇಎ ಮತ್ತು ಫಿಫಾ ಬೇರೆಯಾದವು. ಹೆಸರಿಗೆ ಫಿಫಾ ನಾಲ್ಕು ವರ್ಷಕ್ಕೆ 100 ಕೋಟಿ ಡಾಲರ್‌ಗೂ ಜಾಸ್ತಿ ಕೇಳಿತ್ತು ಅಂತ ಆಗ ಪತ್ರಿಕೆಗಳು ಬರೆದವು. ಹೆಸರಿಗೆ! ನಾಲ್ಕು ಅಕ್ಷರವೂ ಅಲ್ಲ, ಕನ್ನಡದಲ್ಲಿ ಎರಡೇ. ಅಕ್ಷರಕ್ಕೆ 50 ಕೋಟಿ ಡಾಲರ್ ಬಿತ್ತು. ಇಎ ಕೈಮುಗಿದು, ಬೋರ್ಡು ಇಳಿಸಿ, 2023ರಲ್ಲಿ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಅಂತ ಹೊಸ ಬೋರ್ಡು ಹಾಕಿತು. ಒಳಗೆ ನೋಡಿದರೆ ಎಲ್ಲ ಇದ್ದ ಹಾಗೇ ಇದೆ. 19,000ಕ್ಕೂ ಹೆಚ್ಚು ಆಟಗಾರರು, 700ಕ್ಕೂ ಹೆಚ್ಚು ತಂಡಗಳು. ಅವರ ಒಪ್ಪಂದಗಳು ಬೇರೆ ಬೇರೆ ಇದ್ದವಲ್ಲ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದೇ ಇದು. ಅಡುಗೆಯವನು ಪಾತ್ರೆ ಪಡಗ, ಅಕ್ಕಿ ಬೇಳೆ ಸಮೇತ ಪಕ್ಕದ ಮಳಿಗೆಗೆ ಹೋದ. ಗಿರಾಕಿಗಳೂ ಹಿಂದೆ ಹೋದರು.

ಇತ್ತ ಫಿಫಾ ಕೈಯಲ್ಲಿ ಉಳಿದದ್ದು ಒಗ್ಗರಣೆ ಸೌಟು. ಫಿಫಾ ಅನ್ನುವ ಹೆಸರಿರುವ ಗೇಮೇ ಅಸಲಿ, ಅದೇ ಎಲ್ಲಕ್ಕಿಂತ ಚೆನ್ನಾಗಿರುತ್ತದೆ, 24, 25, 26 ಅಂತ ಬರುತ್ತಲೇ ಇರುತ್ತದೆ ಅನ್ನುವ ಅರ್ಥದಲ್ಲಿ ಅದರ ಅಧ್ಯಕ್ಷ ಇನ್‌ಫ್ಯಾಂಟಿನೋ ಆಗ ಹೇಳಿಕೆ ಕೊಟ್ಟರು. ಫಿಫಾ 24 ಬರಲಿಲ್ಲ. 25 ಬರಲಿಲ್ಲ. 26ರ ಕಥೆಯೂ ಅಷ್ಟೇ. ಗೇಮ್ ಇರದಿದ್ದರೂ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂತ ಹೇಳಲು ಒಂದು ಗುಂಡಿಗೆ ಬೇಕು.

ಸುಮ್ಮನೆ ಕೂರುವುದಕ್ಕಾಗುತ್ತದಾ? 2024ರಲ್ಲಿ, ಇಎ ಗೇಮ್‌ಗೆ ವರ್ಷಾನುಗಟ್ಟಲೆ ಎದುರಾಳಿಯಾಗಿದ್ದ ಕೊನಾಮಿ ಕಂಪನಿಯ ಇ-ಫುಟ್‌ಬಾಲ್ ಗೇಮ್ ಜೊತೆ ಸೇರಿ ವಿಡಿಯೋ ಗೇಮ್ ವಿಶ್ವಕಪ್ ಮಾಡಿದರು. ರಿಯಾದ್‌ನಲ್ಲಿ ನಡೆಯಿತು, ಗೇಮ್ ಯಂತ್ರದ (ಕನ್ಸೋಲ್) ವಿಭಾಗವನ್ನು ಇಂಡೋನೇಷ್ಯಾ ಗೆದ್ದಿತು. ಅದೇ ಡಿಸೆಂಬರ್‌ನಲ್ಲಿ ಅಲ್ಲೇ ಇನ್ನೊಂದು ಫಿಫಾ ಇ-ವಿಶ್ವಕಪ್ಪೂ ಆಯಿತು. ಆಟದ ಹೆಸರು ರಾಕೆಟ್ ಲೀಗ್. ಅದರಲ್ಲಿ ಚೆಂಡು ಒದೆಯುವವರು ಮನುಷ್ಯರಲ್ಲ, ಕಾರುಗಳು. ಹೌದು, ನಾಲ್ಕು ಚಕ್ರದ ಕಾರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಒಂದು ದೊಡ್ಡ ಚೆಂಡು ಬಿಟ್ಟರೆ ಹೇಗಿರುತ್ತೋ ಹಾಗೆ. ಅದಕ್ಕೂ ವಿಶ್ವಕಪ್ ಅಂತ ಮುದ್ರೆ. ಇಷ್ಟು ಉದಾರವಾಗಿ ಮುದ್ರೆ ಒತ್ತುವವರನ್ನು ನಾನು ಎಷ್ಟೋ ಕಚೇರಿ ಸುತ್ತಿದರೂ ಕಂಡಿಲ್ಲ.

2025ರ ಡಿಸೆಂಬರ್‌ನಲ್ಲಿ ಮತ್ತೊಂದು ಸುದ್ದಿ. 2026ರ ವಿಶ್ವಕಪ್ ಹೊತ್ತಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಫಿಫಾ ಗೇಮ್, ನಮ್ಮ ಫೋನೇ ಕಂಟ್ರೋಲರ್ ಅಂತ ಘೋಷಣೆ. ಅಮ್ಮನಿಗೆ ಹೇಳಿದೆ. “ಸೀರಿಯಲ್ ನೋಡೋ ಜಾಗಕ್ಕೇ ಬಂದ್ರಾ?” ಅಂದರು. ಮರಕಾನಾ ಫೈನಲ್ ಅವರಿಗಿನ್ನೂ ಮರೆತಿಲ್ಲ.

ನಮ್ಮ ಮಗನಿಗೆ ಹತ್ತು ವರ್ಷ. ಅವನಿಗೆ ಫಿಫಾ ಅಂದರೆ ಗೇಮು. ಆ ಹೆಸರಿನ ಒಂದು ಸಂಸ್ಥೆ ಇದೆ, ಅದು ನಿಜವಾದ ಪಂದ್ಯ ನಡೆಸುತ್ತದೆ ಅಂದಾಗ ಅನುಮಾನದಿಂದ ನೋಡಿದ. “ಗೇಮ್ ನೋಡಿ ಕಾಪಿ ಹೊಡೆದ್ರಾ ಅಪ್ಪಾ?”

ಮೊನ್ನೆ ಉದ್ದ ನೋಟ್‌ಬುಕ್ ತೆಗೆದು, ಸ್ಕೇಲ್ ಇಟ್ಟು ಗೆರೆ ಎಳೆದು ತನ್ನದೇ ವಿಶ್ವಕಪ್ ಮಾಡಿಕೊಳ್ಳುತ್ತಿದ್ದ. ಅಧಿಕೃತ ಇಲ್ಲದಿದ್ದರೇನು, ಇರುವ ಗೇಮ್‌ನಲ್ಲಿ ಒಂದೊಂದೇ ಪಂದ್ಯ ಆಡಿ ಪುಸ್ತಕದಲ್ಲಿ ಸ್ಕೋರು ಬರೆಯುತ್ತಾನಂತೆ. 2026ಕ್ಕೆ ಅರ್ಹತೆ ಗಿಟ್ಟಿಸಿದ ಪುಟ್ಟ ದ್ವೀಪಗಳಾದ ಕ್ಯುರಸಾವ್, ಕೇಪ್ ವರ್ಡೆ ಎರಡೂ ಇವೆ. ಕ್ಯುರಸಾವ್‌ನಲ್ಲಿರುವುದು ಸುಮಾರು ಒಂದೂವರೆ ಲಕ್ಷ ಜನ. ನಮ್ಮದು 140 ಕೋಟಿ.

“ಭಾರತ ಎಲ್ಲೋ?”

“ಇಲ್ಲಿ. ನಲವತ್ತೊಂಬತ್ತನೇದು.”

“ಇರೋದು 48 ತಂಡ ಕಣೋ.”

“ಮುಂದಿನ ಸಲ ಹೆಂಗೂ ಜಾಸ್ತಿ ಮಾಡ್ತಾರಲ್ಲಪ್ಪ.”

ಫಿಫಾ ಅವನಿಗೆ ಅರ್ಥವಾಗಿದೆ. ಪುಟದ ಮೇಲ್ಗಡೆ ಹೆಸರು ಬರೆಯಲು ಜಾಗ ಖಾಲಿ ಬಿಟ್ಟಿದ್ದ. ಪೆನ್ಸಿಲ್ ತುದಿ ಕಚ್ಚುತ್ತ ಕೇಳಿದ: “ಅಪ್ಪಾ, ಇಲ್ಲಿ ಫಿಫಾ ಅಂತ ಬರೆದ್ರೆ ದುಡ್ಡು ಕೊಡಬೇಕಾ?”