ಚಪ್ಪಲಿ ಮೆಟ್ಟಿಕೊಂಡ ಮೇಲೆ ವಿಷಯ

ಸಂವಹನ ಕೌಶಲದ ಪರೀಕ್ಷೆಯಲ್ಲಿ ಮಾತಾಡಿದ್ದಕ್ಕೆ ನಮ್ಮ ಬ್ಯಾಚಿನ ಒಬ್ಬನನ್ನು ಎಬ್ಬಿಸಿ ಕೊನೆಯ ಬೆಂಚಿಗೆ ಹಾಕಿದರು. ಪಾಪ, ಅವನೇನೂ ಉತ್ತರ ಕೇಳಿರಲಿಲ್ಲ. ಪಕ್ಕದವನ ಪೆನ್ನು ಕೆಳಗೆ ಬಿದ್ದಿತ್ತು, ‘ಎಕ್ಸ್‌ಕ್ಯೂಸ್ ಮಿ, ಯುವರ್ ಪೆನ್’ ಅಂದ, ಅಷ್ಟೆ. ಇಡೀ ಸೆಮಿಸ್ಟರ್ ಕಲಿಸಿದ್ದನ್ನು ಅಷ್ಟು ಚೊಕ್ಕವಾಗಿ ಪ್ರಯೋಗಿಸಿದವನು ಆ ಹಾಲ್‌ನಲ್ಲಿ ಅವನೊಬ್ಬನೇ. ಉಳಿದವರೆಲ್ಲ ತುಟಿ ಬಿಗಿದುಕೊಂಡು ಓಎಂಆರ್ ಹಾಳೆಯ ದುಂಡು ದುಂಡು ಮನೆಗಳಿಗೆ ಕಪ್ಪು ತುಂಬುತ್ತಿದ್ದೆವು. 50 ಪ್ರಶ್ನೆ, ಒಂದು ಗಂಟೆ. ಮಾತಾಡುವ ಹಾಗಿಲ್ಲ, ಬರೆಯುವುದು ಏನೂ ಇಲ್ಲ. ‘ಪರಿಣಾಮಕಾರಿ ಸಂವಹನಕ್ಕೆ ಅಡ್ಡಿಯಾಗುವುದು ಯಾವುದು?’ ಅಂತಲೂ ಒಂದು ಪ್ರಶ್ನೆ ಇತ್ತು. ಕೊಟ್ಟಿದ್ದ ನಾಲ್ಕು ಆಯ್ಕೆಗಳಲ್ಲಿ ‘ಕೊಠಡಿ ಮೇಲ್ವಿಚಾರಕರು’ ಇರಲಿಲ್ಲ.

ಅಂತೂ ಕೋರ್ಸ್ ಮುಗಿಯಿತು, ಪಾಸೂ ಆದೆ. ನನಗೆ ವೃತ್ತಿಪರವಾಗಿ ಮಾತಾಡಲು ಬರುತ್ತದೆ ಅನ್ನುವುದು ಒಂದು ಕ್ರೆಡಿಟ್‌ನಷ್ಟರ ಮಟ್ಟಿಗೆ ಸಾಬೀತಾಗಿದೆ.

ಪಾಠ ಶುರುವಾದದ್ದು ಏಳು ‘ಸಿ’ಗಳಿಂದ. ಮಾತು ಸಂಕ್ಷಿಪ್ತವಾಗಿರಬೇಕು, ಸ್ಪಷ್ಟವಾಗಿರಬೇಕು, ಸೌಜನ್ಯದಿಂದ ಕೂಡಿರಬೇಕು, ಹೀಗೆ ಇಂಗ್ಲಿಷಿನ ‘ಸಿ’ ಅಕ್ಷರದಿಂದ ಶುರುವಾಗುವ ಏಳು ನಿಯಮ. ಅಮೆರಿಕದ ಕಟ್ಲಿಪ್ ಮತ್ತು ಸೆಂಟರ್ ಎಂಬಿಬ್ಬರು 1952ರಲ್ಲಿ ಸಾರ್ವಜನಿಕ ಸಂಪರ್ಕದ ಬಗ್ಗೆ ಬರೆದ ಪುಸ್ತಕದಲ್ಲಿ ಇಂಥದೊಂದು ಪಟ್ಟಿ ಕೊಟ್ಟಿದ್ದರು. ಅದು ನಮ್ಮ ಕೈಗೆ ಬರುವ ಹೊತ್ತಿಗೆ ಒಳಗಿನ ಪದಗಳಲ್ಲಿ ಬಹುಪಾಲು ಬದಲಾಗಿ, ಏಳೆಂಬ ಲೆಕ್ಕ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಇರಲಿ, ನನ್ನ ತಕರಾರು ಅದಲ್ಲ. ಸಂಕ್ಷಿಪ್ತವಾಗಿಯೂ ಇರಬೇಕು, ಸೌಜನ್ಯವೂ ಇರಬೇಕು ಅಂದರೆ ತಿಪಟೂರು ಕಡೆಯ ನಮ್ಮಂಥವರು ಎಲ್ಲಿಗೆ ಹೋಗಬೇಕು? ನಮ್ಮ ಕಡೆ ಸೌಜನ್ಯವನ್ನು ಅಳೆಯುವುದೇ ಉದ್ದದಿಂದ. ನೇರ ವಿಷಯಕ್ಕೆ ಬಂದವನನ್ನು ‘ಏನು ದುಡುಕು ಮಾರಾಯ, ಕೂತು ನೀರು ಕುಡಿಯೋಕೂ ಪುರಸೊತ್ತಿಲ್ಲ’ ಅಂತ ಒಂದು ವಾರ ಆಡಿಕೊಳ್ಳುತ್ತಾರೆ.

ನಮ್ಮ ತಾತನ ಇನ್‌ಲ್ಯಾಂಡ್ ಪತ್ರಗಳು ಇನ್ನೂ ಅಟ್ಟದ ಟ್ರಂಕಿನಲ್ಲಿವೆ. ಮೇಲೆ ನಡುವೆ ‘ಶ್ರೀ’, ಪಕ್ಕದಲ್ಲಿ ‘ಕ್ಷೇಮ’. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಇಲ್ಲಿ ನಾವೆಲ್ಲ ಆರೋಗ್ಯ, ಅಲ್ಲಿಯ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರುವುದು, ಹದವಾದ ಮಳೆಯಾಯಿತು, ಗೌರಿ ಹೆಣ್ಣು ಕರು ಹಾಕಿತು, ಬಾವಿಯ ಹತ್ತಿರದ ಮರಕ್ಕೆ ಸುಳಿ ಕೊಳೆ ಬಂದಿದೆ. ನೀಲಿ ಹಾಳೆ ಪೂರ್ತಿ ತುಂಬಿದ ಮೇಲೆ, ಅಂಟು ಹಚ್ಚಿ ಮಡಚುವ ಆ ಕಿರುಪಟ್ಟಿ ಇರುತ್ತದಲ್ಲ, ಅದರ ಮೇಲೆ ಅಡ್ಡಡ್ಡವಾಗಿ, ಇರುವೆ ಸಾಲಿನ ಅಕ್ಷರದಲ್ಲಿ: ‘ಮರೆತಿದ್ದೆ, ಸೊಸೈಟಿ ಸಾಲಕ್ಕೆ ಈ ತಿಂಗಳೇ ಗಡುವು, ಹಣ ಕಳಿಸುವುದು.’ ಪತ್ರ ಒಡೆಯುವಾಗ ಹರಿಯುವುದು ಅದೇ ಪಟ್ಟಿ. ಅಪ್ಪನಿಗೆ ಬಂದ ಎಷ್ಟೋ ಪತ್ರಗಳಲ್ಲಿ ಹಸುವಿನ ಸಮಾಚಾರ ಅಚ್ಚುಕಟ್ಟಾಗಿದೆ, ಹಣದ ವಿಷಯಕ್ಕೆ ಮಾತ್ರ ಬಾಲವಿಲ್ಲ.

ಇಂಥ ಮನೆತನದವನಿಗೆ ನಮ್ಮ ಮೇಡಂ ‘ಇಮೇಲ್‌ನ ಮೊದಲ ಸಾಲಿನಲ್ಲೇ ವಿಷಯ ಬರಬೇಕು, ಪೀಠಿಕೆ ಬೇಡ’ ಅಂದರು. ಹಾಗಂದು ಮುಗಿಸಿ ಮಾದರಿಗೆಂದು ಬೋರ್ಡಿನ ಮೇಲೆ ಒಂದು ಇಮೇಲ್ ಬರೆದರು. ಅದರ ಮೊದಲ ಸಾಲು, ‘ಐ ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್.’ ತಾತ ಇದ್ದಿದ್ದರೆ ಎದ್ದು ನಿಂತು ಕೈಕುಲುಕುತ್ತಿದ್ದರು.

ಆ ಮಾದರಿಯನ್ನೇ ಇಟ್ಟುಕೊಂಡು ಎಲ್ಲರೂ ಒಂದು ದೂರು ಇಮೇಲ್ ಬರೆಯಬೇಕಿತ್ತು, ಕಂಪನಿಯವರು ಕಳಿಸಿದ ಪ್ರಿಂಟರ್ ಕೆಟ್ಟಿದೆ ಅಂತ. 1971ರಲ್ಲಿ ರೇ ಟಾಮ್ಲಿನ್ಸನ್ ಕಳಿಸಿದ ಮೊದಲ ಇಮೇಲ್ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇದ್ದ ಎರಡು ಯಂತ್ರಗಳ ನಡುವೆ ಹೋಗಿತ್ತಂತೆ. ನಮ್ಮ ಹಾಸ್ಟೆಲ್ ಆ ಪರಂಪರೆಯನ್ನು ಉಳಿಸಿಕೊಂಡಿತು. ಒಬ್ಬ ಬರೆದದ್ದು ಪಕ್ಕದ ಮಂಚಕ್ಕೆ, ಅಲ್ಲಿಂದ ಅದರ ಪಕ್ಕದ ಮಂಚಕ್ಕೆ, ಹಾಗೇ ಕಾರಿಡಾರ್ ದಾಟಿ ಮೇಲಿನ ಮಹಡಿಗೆ. ಮರುದಿನ ಮೇಡಂ ಓದಿದರು. ಒಂದೇ ಪ್ರಿಂಟರ್ ಒಂದೇ ದಿನ ಒಂದೇ ರೀತಿ ಕೆಟ್ಟಿದೆ, ದೂರು ಕೊಟ್ಟವರೆಲ್ಲರ ಹೆಸರೂ ‘ಯುವರ್ ನೇಮ್’. ಮೇಡಂ ನಗಲಿಲ್ಲ. ‘ಮಿಸ್ಟರ್ ಯುವರ್ ನೇಮ್, ಪ್ಲೀಸ್ ಸ್ಟ್ಯಾಂಡ್ ಅಪ್’ ಅಂದರು. ಅರ್ಧ ಕ್ಲಾಸು ಎದ್ದು ನಿಂತಿತು.

ಸಿಸಿ, ಬಿಸಿಸಿ ಮಾತ್ರ ನನಗೆ ಕೂಡಲೇ ತಲೆಗೆ ಹತ್ತಿತು. ಟೈಪ್‌ರೈಟರ್ ಕಾಲದ ಕಾರ್ಬನ್ ಹಾಳೆಯ ಪ್ರತಿಯೇ ಸಿಸಿ. ಇಂಥವರಿಗೂ ಒಂದು ಪ್ರತಿ ಹೋಗಿದೆ ಅನ್ನುವುದು ಉಳಿದವರಿಗೆ ತಿಳಿಯದಿದ್ದರೆ ಅದು ಬಿಸಿಸಿ. ನಮ್ಮ ಮನೆಯಲ್ಲಿ ಈ ಸೌಲಭ್ಯ ಕಂಪ್ಯೂಟರ್ ಬರುವ ಮುಂಚಿನಿಂದ ಇದೆ. ಫೋನಿನಲ್ಲಿ ನಾನು ಅಮ್ಮನಿಗೆ ‘ಅಪ್ಪನಿಗೆ ಹೇಳ್ಬೇಡ’ ಅಂತ ಶುರು ಮಾಡಿದ್ದೆಲ್ಲ ಅಪ್ಪನಿಗೆ ಬಿಸಿಸಿ. ಅಪ್ಪ ತಮಗೆ ಏನೂ ಗೊತ್ತಿಲ್ಲದವರ ಹಾಗೆ ಪೇಪರ್ ಓದುತ್ತಾ ಕೂತಿರುತ್ತಾರೆ.

ಗ್ರೂಪ್ ಡಿಸ್ಕಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಐ ಅಗ್ರೀ ವಿತ್ ಮೈ ಫ್ರೆಂಡ್, ಬಟ್’ ಅಂತ ಎಂಟು ಜನ ಒಟ್ಟಿಗೆ ಕೂಗಿದರು, ಫ್ರೆಂಡ್ ಏನು ಹೇಳಿದ ಅನ್ನುವುದು ಯಾರಿಗೂ ಕೇಳಿರಲಿಲ್ಲ. ‘ಎಲಿವೇಟರ್ ಪಿಚ್’ ಅಂತ ಇನ್ನೊಂದಿತ್ತು. ಲಿಫ್ಟ್‌ನಲ್ಲಿ ದೊಡ್ಡ ಕಂಪನಿಯ ಬಾಸ್ ಸಿಕ್ಕರೆ ಅರ್ಧ ನಿಮಿಷದಲ್ಲಿ ನಮ್ಮ ಬಗ್ಗೆ ಹೇಳಿ ಮುಗಿಸಬೇಕು. ನಮ್ಮ ಕಾಲೇಜಿನ ಲಿಫ್ಟ್ ಮೇಲೆ ‘ಸಿಬ್ಬಂದಿಗೆ ಮಾತ್ರ’ ಅಂತ ಬೋರ್ಡಿದೆ. ನಾಲ್ಕನೇ ಮಹಡಿಯ ಲ್ಯಾಬಿಗೆ ಮೆಟ್ಟಿಲು ಹತ್ತಿ ಹೋಗುವವರಿಗೆ ಪಿಚ್ ಇರಲಿ, ಉಸಿರೂ ಉಳಿಯುವುದಿಲ್ಲ.

ಅಣಕು ಸಂದರ್ಶನದ ದಿನ ಟೈ ಕಡ್ಡಾಯ. ನಮ್ಮ ಕಾರಿಡಾರಿಗೆಲ್ಲ ಇದ್ದದ್ದು ಒಂದೇ ಟೈ, ಕಡುಗೆಂಪು ಬಣ್ಣದ್ದು, ತುದಿಯಲ್ಲಿ ಸಾಂಬಾರಿನ ಕಲೆ. ಅದರ ಗಂಟು ಹಾಕಿದವನು ಮೆಕ್ಯಾನಿಕಲ್‌ನ ಒಬ್ಬ ಸೀನಿಯರ್, ಅವನು ಪಾಸಾಗಿ ಹೋಗಿಯಾಗಿದೆ. ಹಾಗಾಗಿ ಆ ಗಂಟನ್ನು ಯಾರೂ ಬಿಚ್ಚುವಂತಿಲ್ಲ. ಸಡಿಲಿಸಿ ತಲೆಯ ಮೇಲಿಂದ ತೆಗೆಯಬೇಕು, ಬಾಗಿಲಲ್ಲಿ ಕಾಯುತ್ತಿರುವವನ ಕೊರಳಿಗೆ ಹಾಕಬೇಕು. ಸಂದರ್ಶನ ಮುಗಿಸಿ ಹೊರಬಂದವನು ಮುಂದಿನವನಿಗೆ ಹಾರ ಹಾಕಿ ಒಳಗೆ ಕಳಿಸುವುದನ್ನು ನೋಡಿದ ಅಟೆಂಡರ್ ಅಣ್ಣ ‘ಮದುವೆ ಮನೆ ಕಳೆ ಬಂತು ನೋಡ್ರಪ್ಪ’ ಅಂದರು.

ಒಳಗೆ ಕೇಳಿದ ಮೊದಲ ಪ್ರಶ್ನೆ, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್.’ ನಮ್ಮೂರಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ‘ಯಾರ ಮಗನಪ್ಪ?’ ಅನ್ನುತ್ತಾರೆ. ತಾತನ ಹೆಸರು ಹೇಳಿದರೆ ಸಾಕು, ಉಳಿದದ್ದನ್ನೆಲ್ಲ ಅವರೇ ಹೇಳುತ್ತಾರೆ, ನಮಗೆ ಗೊತ್ತಿಲ್ಲದ್ದನ್ನೂ ಸೇರಿಸಿ. ಇನ್ನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಶಿಕ್ಷಣ ಬೇರೆ. ಬೈಯುವಾಗ ಅಪ್ಪನ ಮುಖ ನೋಡಿದರೆ ‘ಏನೋ, ಗುರಾಯಿಸ್ತೀಯಾ?’ ಅಂತ ಎರಡೇಟು ಹೆಚ್ಚು ತಿಂದು ಬೆಳೆದವರು ನಾವು. ತಲೆ ತಗ್ಗಿಸಿ ನಿಲ್ಲಲು ಬಂದರೆ ಮರ್ಯಾದಸ್ಥ ಹುಡುಗ ಅಂತ ಹೆಸರು. ಇಲ್ಲಿ ಅದಕ್ಕೆ ‘ಆತ್ಮವಿಶ್ವಾಸದ ಕೊರತೆ’ ಅಂತ ಬರೆದು ಅಂಕ ಕಳೆದರು.

ಮೇಡಂ ಅತಿ ಹೆಚ್ಚು ಒತ್ತಿ ಹೇಳಿದ್ದು ಮೆಹರಾಬಿಯನ್ ಎಂಬ ಮನಶ್ಶಾಸ್ತ್ರಜ್ಞನ ಲೆಕ್ಕವನ್ನು. ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ, ದನಿಯದು ಶೇ 38, ಮುಖಭಾವದ್ದು ಶೇ 55. ಹಾಗಿದ್ದರೆ ನಾವೇಕೆ ಇಷ್ಟೊಂದು ಸ್ಪೆಲಿಂಗ್ ಕಲಿಯಬೇಕು ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಆಲ್ಬರ್ಟ್ ಮೆಹರಾಬಿಯನ್ 1967ರಲ್ಲಿ ಈ ಪ್ರಯೋಗಗಳನ್ನು ಮಾಡಿದ್ದು ಬಿಡಿ ಪದಗಳ ಮೇಲೆ. ‘ಮೇಬಿ’ ಎಂಬ ಒಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖ ತೋರಿಸಿ, ಹೇಳಿದವರಿಗೆ ಎದುರಿನವರ ಮೇಲೆ ಇಷ್ಟವೋ ಅನಿಷ್ಟವೋ ಎಂದು ಜನರನ್ನು ಕೇಳಿದ್ದರು. ಭಾವನೆಗಳ ವಿಷಯಕ್ಕೆ ಮಾತ್ರ ಇದು ಸಲ್ಲುತ್ತದೆ, ಎಲ್ಲ ಮಾತಿಗೂ ಅಲ್ಲ ಅಂತ ಆತನೇ ಹೇಳಿದ್ದಾನೆ. ಆ ಭಾಗ ಸ್ಲೈಡಿನಲ್ಲಿ ಹಿಡಿಸಿರಲಿಲ್ಲ.

ಆದರೆ ಆ ಪ್ರಯೋಗ ಓದಿದಾಗ ನನಗೆ ನೆನಪಾದದ್ದು ಅಪ್ಪನ ‘ನೋಡೋಣ’. ಬೈಕ್ ಕೇಳಿದಾಗ ಪೇಪರ್‌ನಿಂದ ತಲೆ ಎತ್ತದೆ ಹೇಳಿದ ‘ನೋಡೋಣ’ ಬೇರೆ, ಕಾಲೇಜು ಫೀಸು ಕೇಳಿದಾಗ ಕನ್ನಡಕ ತೆಗೆದು ಒರೆಸುತ್ತಾ ಹೇಳಿದ್ದು ಬೇರೆ, ಚಿಕ್ಕಪ್ಪ ಬೇಲಿಯ ವಿಷಯ ಎತ್ತಿದಾಗ ಕೆಮ್ಮಿ ಹೇಳಿದ್ದು ಇನ್ನೂ ಬೇರೆ. ಅಮ್ಮ ಅಡುಗೆಮನೆಯಿಂದಲೇ ಇವನ್ನೆಲ್ಲ ವಿಂಗಡಿಸಬಲ್ಲಳು. ನಾನು ಎದುರಿಗೆ ನಿಂತರೂ ತಪ್ಪುತ್ತೇನೆ.

ಪರೀಕ್ಷೆ ಮುಗಿಸಿ ಊರಿಗೆ ಹೋದ ವಾರವೇ ಮಾವ ಬಂದ, ಅಮ್ಮನ ತಮ್ಮ. ಕಾಫಿ ಆಯಿತು, ಉಂಡೆ ಕೊಬ್ಬರಿ ರೇಟು ಆಯಿತು, ಯಾರದೋ ಬೋರ್‌ವೆಲ್ ಬತ್ತಿದ್ದಾಯಿತು, ಮತ್ತೊಂದು ಲೋಟ ಕಾಫಿ. ಒಂದು ಗಂಟೆಯಿಂದ ಸುತ್ತುತ್ತಿರುವ ಮನುಷ್ಯನಿಗೆ ಸಹಾಯವಾಗಲಿ ಅಂತ ನಾನು ಕಣ್ಣಲ್ಲಿ ಕಣ್ಣಿಟ್ಟು, ಮುಗುಳ್ನಕ್ಕು, ಸ್ಪಷ್ಟವಾಗಿ ಕೇಳಿದೆ: ‘ಮಾವ, ನೀವು ಬಂದ ವಿಷಯ ಏನು?’

ಅಮ್ಮ ನನ್ನತ್ತ ನೋಡಿದಳು. ಶೇ 55 ಅಂದರೆ ಎಷ್ಟು ಅಂತ ಆಗ ಸರಿಯಾಗಿ ತಿಳಿಯಿತು.

‘ವಿಷಯ ಏನಿಲ್ಲಪ್ಪ, ಸುಮ್ನೆ ಹಂಗೇ ಬಂದೆ. ಅಕ್ಕನ ಮನೆಗೆ ಬರೋಕೆ ವಿಷಯ ಬೇಕಾ?’ ಅಂತ ಮಾವ ಎದ್ದ. ಅಮ್ಮ ತಡೆದಳು, ಅವನು ಕೇಳಲಿಲ್ಲ. ಹೊರಗೆ ಹೋಗಿ ಒಂದು ಚಪ್ಪಲಿ ಮೆಟ್ಟಿಕೊಂಡ. ಇನ್ನೊಂದನ್ನು ಕಾಲಲ್ಲೇ ಹುಡುಕುತ್ತಾ, ಕಾಂಪೌಂಡಿನ ಕಡೆ ಮುಖ ಮಾಡಿ, ‘ಭಾವ, ಹಂಗೇ ಒಂದ್ ಮಾತು... ಡ್ರಿಪ್ ಪೈಪ್‌ನೋನು ಅಡ್ವಾನ್ಸ್ ಕೇಳ್ತವ್ನೆ. ಒಂದ್ ಇಪ್ಪತ್ತು ಇದ್ದಿದ್ರೆ...’ ಅಂದ.

‘ನೋಡೋಣ’ ಅಂದರು ಅಪ್ಪ.

ನಾನು ಅಪ್ಪನ ಮುಖ ನೋಡಿದೆ, ದನಿಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಕೊಂಡೆ. ಕೊಡುತ್ತಾರೋ ಇಲ್ಲವೋ, ಗೊತ್ತಾಗಲಿಲ್ಲ. ಮಾವ ಮಾತ್ರ ಸ್ಕೂಟರ್ ಸ್ಟ್ಯಾಂಡ್ ತೆಗೆಯುತ್ತಾ, ‘ಆಯ್ತು ಭಾವ, ಹಂಗಾರೆ ಸೋಮವಾರ ಬೆಳಿಗ್ಗೆ ಬತ್ತೀನಿ’ ಅಂದು ಕಿಕ್ ಹೊಡೆದ.